ಬಣ್ಣ ಹಿಡಿಯುವ ಹಾಡಿನ ಭಾವಾರ್ಥ

ನಮ್ಮ ಬೀದಿಯ ತಿರುವಿನಲ್ಲಿ ಕ್ಷೌರದ ಅಂಗಡಿ ನಡೆಸುತ್ತಿದ್ದವರನ್ನು ಎಲ್ಲರೂ ಗುನುಗಪ್ಪ ಎಂದೇ ಕರೆಯುತ್ತಿದ್ದೆವು. ಬಾಯಲ್ಲಿ ಹಾಡಿಲ್ಲದೆ ಅವರ ಕತ್ತರಿ ಆಡುತ್ತಿರಲಿಲ್ಲ. ಅಂಗಡಿಯ ಗಡಿಯಾರ ಹಿಂದಿನ ಗೋಡೆಯ ಮೇಲಿತ್ತು. ಕನ್ನಡಿಯಲ್ಲಿ ಅದರ ಮುಳ್ಳುಗಳು ತಿರುಗುಮುರುಗಾಗಿ ಕಾಣುತ್ತಿದ್ದವು. ಅದನ್ನು ನಂಬಿ ಜನರ ತಲೆಗೆ ಬಣ್ಣ ಹಚ್ಚುವುದು ಅಪಾಯವೆಂದು ಅವರು ತಾವೇ ಒಂದು ಹಾಡು ಕಟ್ಟಿದ್ದರು. ಬಣ್ಣ ಹಚ್ಚಿ ಹಾಡು ಶುರುಮಾಡಿದರೆ, ಕೊನೆಯ ನುಡಿಗೆ ಬರುವ ಹೊತ್ತಿಗೆ ಕೂದಲು ಹದವಾಗಿ ಕಪ್ಪಾಗಿರುತ್ತಿತ್ತು. ಮೊದಲ ನುಡಿ ಇದು:

ಹಚ್ಚಿದ ಮೇಲೆ ಸುಮ್ಮನೆ ಕೂರು,
ಬಿಳಿಯದು ಹೋಗಲು ಹೊತ್ತುಂಟು;
ಕಿವಿಯ ಅಂಚನು ಒರೆಸಿದ ಮೇಲೆ
ತೊಳೆಯುವ ನೀರಿಗೆ ಕರೆಯುಂಟು.

ಹೊಟ್ಟೆಪಾಡಿನ ಈ ಹಾಡಿಗೆ ಒಂದು ದಿನ ಗ್ರಹಚಾರ ವಕ್ಕರಿಸಿತು. ನಿವೃತ್ತ ಗ್ರಂಥಪಾಲಕರೊಬ್ಬರು ತಲೆತುಂಬ ಬಣ್ಣ ಮೆತ್ತಿಸಿಕೊಂಡು ಕುಳಿತು ಅದನ್ನು ಕೇಳಿದರು. ಅವರ ಕಣ್ಣು ತೇವವಾಯಿತು.

"ಇದರ ಅರ್ಥ ಗೊತ್ತೇನಪ್ಪಾ ನಿನಗೆ?"

"ಬಣ್ಣ ಹಚ್ಚಿದ್ಮೇಲೆ ಅಲ್ಲಾಡ್ಬಾರ್ದು ಅಂತ ಸಾರ್."

"ಅದು ಮೇಲಿನ ಅರ್ಥ. ಬಿಳಿಯದು ಅಂದ್ರೆ ನಮ್ಮ ಅಹಂಕಾರ. ಕಿವಿಯ ಅಂಚು ಅಂದ್ರೆ ಲೋಕದ ಮಾತು ಬಂದು ನಿಲ್ಲೋ ಜಾಗ."

"ಮತ್ತೆ ತೊಳೆಯೋ ನೀರು?"

"ಅದನ್ನ ನಮ್ಮ ವಯಸ್ಸಿನೋರ ಮುಂದೆ ಬಿಡಿಸಿ ಹೇಳ್ಬಾರ್ದಪ್ಪಾ," ಎಂದು ಅವರು ನಿಟ್ಟುಸಿರು ಬಿಟ್ಟರು.

ಅಂದಿನಿಂದ ಗ್ರಂಥಪಾಲಕರು ದಿನವೂ ಬಂದು ಅರ್ಥ ಬಿಡಿಸಿದರು, ಅಂಗಡಿಯ ಬೆಂಚು ತುಂಬತೊಡಗಿತು. ಕ್ಷೌರ ಬೇಡದವರು ಬಂದರು, ಕೂದಲೇ ಇಲ್ಲದವರೂ ಬಂದರು. ಪಕ್ಕದ ದರ್ಜಿ ಹೊಲಿಗೆ ಯಂತ್ರವನ್ನು ಅರ್ಧಕ್ಕೆ ನಿಲ್ಲಿಸಿ ಬರುತ್ತಿದ್ದ. ಅರ್ಥವೆಂದರೆ ನನಗೂ ಆಸೆ. ನಾನೂ ಒಂದು ಮೂಲೆಯಲ್ಲಿ ಕೂರುತ್ತಿದ್ದೆ. ಕೇಡೆಂದರೆ, ಗುನುಗಪ್ಪನವರಿಗೇ ತಮ್ಮ ಹಾಡಿನ ಮೇಲೆ ಭಯಭಕ್ತಿ ಹುಟ್ಟಿತು. ಎರಡನೆಯ ಸಾಲಿಗೆ ಬರುತ್ತಲೇ ದನಿ ಇಳಿಸಿ, ಕಣ್ಣು ಮುಚ್ಚಿ ನಿಂತುಬಿಡುವರು.

ಇಂಥ ಕಾಲದಲ್ಲಿ ಅವರ ಹೆಂಡತಿಯ ತಮ್ಮ ಬಂದು ತಲೆ ಒಪ್ಪಿಸಿದ. ಬಸ್ಸಿನ ಚಾಲಕ, ಹೆಂಡತಿ ತೀರಿಕೊಂಡ ಮೇಲೆ ಬಹುಕಾಲ ಒಂಟಿಯಾಗಿದ್ದವನು. ಆ ಸಂಜೆ ಆಸ್ಪತ್ರೆಯ ನರ್ಸ್ ಒಬ್ಬಾಕೆಯನ್ನು ನೋಡಲು ಹೋಗುವುದಿತ್ತು. ಆಕೆ ಒಪ್ಪಿದರೆ ಮತ್ತೆ ಸಂಸಾರ. ಗಂಡ ಮನೆಯಿಂದ ಹೊರಡುವಾಗಲೇ ಅಕ್ಕ ತಾಕೀತು ಮಾಡಿದ್ದಳು: "ರೀ, ನನ್ನ ತಮ್ಮನ ತಲೆ ಏನಾದ್ರೂ ಹೆಚ್ಚುಕಮ್ಮಿ ಆಯ್ತೋ, ನಿಮ್ಮ ತಲೆ ನಾನು ನೋಡ್ಕೋತೀನಿ."

ಬಣ್ಣ ಹಚ್ಚಿದ್ದಾಯಿತು. ಗುನುಗಪ್ಪ ಹಾಡಿದರು, ಎರಡನೆಯ ಸಾಲಿನಲ್ಲಿ ನಿಂತರು. ಬಿಳಿಯದು ತಾನಾಗಿ ಹೋಗುತ್ತದೆಯೋ, ಕಪ್ಪು ಬಂದು ಅದನ್ನು ಓಡಿಸುತ್ತದೆಯೋ ಎಂದು ಬೆಂಚಿನ ಮೇಲೆ ವಾದ ಹತ್ತಿಕೊಂಡಿತು.

"ಭಾವ, ಉರೀತಿದೆ," ಎಂದ ಚಾಲಕ ಮೆಲ್ಲಗೆ.

"ಉರೀಬೇಕು," ಎಂದರು ಗ್ರಂಥಪಾಲಕರು. "ಉರಿ ಇಲ್ದೆ ಅಹಂಕಾರ ಹೋಗುತ್ತಾ?"

"ಸಾರ್, ಅಹಂಕಾರ ಅಲ್ಲ, ನೆತ್ತಿ."

"ಎಲ್ಲರೂ ಮೊದಮೊದಲು ಹಾಗೇ ಅಂದ್ಕೋತಾರೆ."

ದೊಡ್ಡವರ ಮುಂದೆ ಎದ್ದು ಹೋಗುವುದು ಹೇಗೆಂದು ಆತ ಕುರ್ಚಿಯ ಕೈ ಬಿಗಿಹಿಡಿದು ಕುಳಿತ. ತಮ್ಮ ಇನ್ನೂ ಬರಲಿಲ್ಲವಲ್ಲ ಎಂದು ಅಕ್ಕನೇ ಹುಡುಕಿಕೊಂಡು ಬಂದಳು. ಬಂದವಳು ಒಂದು ಕ್ಷಣ ನೋಡಿದಳು.

"ಸಾರ್, ಅರ್ಥ ಆಮೇಲೆ ಹೇಳೋರಂತೆ. ಮೊದ್ಲು ಆ ಬಕೆಟ್ ಈ ಕಡೆ ತಳ್ಳಿ."

ತೊಳೆದರೆ ಏನು ಬಂತು? ಕೂದಲು ಇದ್ದಿಲಾಗಿತ್ತು, ಬಣ್ಣ ಹಣೆಗಿಳಿದು ಹುಬ್ಬಿನ ತನಕ ಬಂದು ನಿಂತಿತ್ತು.

ಹೊತ್ತಾಗಿತ್ತು, ಹಾಗೆಯೇ ಹೋದ. ಮುಂದಿನದು ಅವನೇ ನಮಗೆ ಹೇಳಿದ್ದು. ನರ್ಸಮ್ಮ ಕುರ್ಚಿ ಕೊಟ್ಟು, "ಒಳಗೆ ಬಿಸಿಲಿಲ್ವಲ್ಲ, ಟೋಪಿ ತೆಗೀರಿ," ಎಂದಳಂತೆ.

"ಟೋಪಿ ಅಲ್ಲ ಮೇಡಂ, ನಾನೇ," ಎಂದು ಆತ ನಡೆದುದೆಲ್ಲವನ್ನೂ ಹೇಳಿದ. ಆಕೆ ನಗಲಿಲ್ಲ. ಹತ್ತಿರ ಬಂದು ಅವನ ನೆತ್ತಿಯನ್ನು ಪರೀಕ್ಷಿಸಿದಳು.

"ಇಷ್ಟು ಉರಿ ತಡ್ಕೊಂಡು ಅವರ ಮಾತೆಲ್ಲ ಕೇಳಿಸ್ಕೊಂಡ್ರಾ?"

"ಹೂಂ."

"ಯಾರಿಗೂ ಬೈಲಿಲ್ವಾ?"

"ಭಾವ ಬೇಜಾರ್ ಮಾಡ್ಕೋತಾರೆ ಅಂತ ಸುಮ್ನಿದ್ದೆ."

"ಹಾಗಾದ್ರೆ ನಮ್ಮಮ್ಮನ ಜೊತೆ ಒಂದೇ ಮನೇಲಿ ಇರಬಲ್ಲಿರಿ," ಎಂದಳಂತೆ ಆಕೆ. ಮದುವೆಗೆ ಮೊದಲು ಹಣೆಯ ಚರ್ಮ ಕಾಣಬೇಕೆಂಬುದೊಂದೇ ಷರತ್ತು. ಆತ ಬೆಳಿಗ್ಗೆ ಬಸ್ಸು ಹತ್ತುವ ಮುಂಚೆ ನಲ್ಲಿಯ ಕೆಳಗೆ ಕುಳಿತು ಹಣೆಗೆ ಸೋಪು ಹಾಕಿ ತಿಕ್ಕುತ್ತಿದ್ದುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.