ಮೇಷ್ಟ್ರ ಹಳೆಯ ಕಂಪ್ಯೂಟರಿನಿಂದ ಬಾರದೆ ಉಳಿದದ್ದು

ಕುಣಿಗಲ್ಲಿನ ಇತಿಹಾಸದ ಮೇಷ್ಟ್ರ ಲ್ಯಾಪ್‌ಟಾಪಿನ ಪರದೆ ಕೆಟ್ಟು ಎಷ್ಟು ದಿನವಾಗಿತ್ತೆಂದು ಅವರಿಗೇ ಗೊತ್ತಿರಲಿಲ್ಲ. ಅವರಿಗೆ ಪರದೆಯ ಅಗತ್ಯವೂ ಇರಲಿಲ್ಲ. ಮೂವತ್ತು ದಾಟುವ ಹೊತ್ತಿಗೆ ಎರಡೂ ಕಣ್ಣಿನ ದೃಷ್ಟಿ ಹೋಗಿತ್ತು. ಅಲ್ಲಿಂದಾಚೆಗೆ ಅವರ ಓದು ಬರಹವೆಲ್ಲ ಕಂಪ್ಯೂಟರಿನ ದನಿಯ ಮೂಲಕವೇ. ಪರದೆಯ ಮೇಲೆ ಬಂದದ್ದನ್ನು ಗಟ್ಟಿಯಾಗಿ ಓದಿಹೇಳುವ ಒಂದು ತಂತ್ರಾಂಶವಿತ್ತು. ನೆಗಡಿಯಾದ ಗಂಡಸು ತಗಡಿನ ಡಬ್ಬಿಯೊಳಗೆ ಕೂತು ಮಾತಾಡಿದಂಥ ದನಿ. ಅವರು ಅದನ್ನು ಎಷ್ಟು ವೇಗಕ್ಕೆ ಇಟ್ಟಿದ್ದರೆಂದರೆ ನನಗೆ ಹತ್ತರಲ್ಲಿ ಎರಡು ಪದ ಹಿಡಿಯುವುದೂ ಕಷ್ಟವಾಗುತ್ತಿತ್ತು.

ನಾನು ತುಮಕೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವಳು. ಮನೆ ಗುಬ್ಬಿಯಲ್ಲಿ. ಶಿಕ್ಷಕರಿಗೆ ನಮ್ಮ ಲ್ಯಾಬಿನಲ್ಲಿ ನಡೆದ ಒಂದು ತರಬೇತಿಗೆ ಮೇಷ್ಟ್ರು ಹೆಂಡತಿಯ ಕೈ ಹಿಡಿದು ಬಂದಿದ್ದರು. ಬಂದವರಲ್ಲಿ ವಿಂಡೋಸ್ ಬಿಟ್ಟು ಲಿನಕ್ಸ್ ಬಳಸುತ್ತಿದ್ದವರು ಅವರೊಬ್ಬರೇ. ಅದೇ ಗೆಳೆತನಕ್ಕೆ ಕಾರಣವಾಯಿತು. ಆಮೇಲೆ ಕಂಪ್ಯೂಟರಿಗೆ ಏನಾದರೂ ಆದರೆ ನನಗೆ ಫೋನ್ ಮಾಡುತ್ತಿದ್ದರು. ಏನೂ ಆಗದಿದ್ದರೂ ಮಾಡುತ್ತಿದ್ದರು. ಯಾವುದೋ ಹಳ್ಳಿಯ ಹೊಲದಲ್ಲಿ ಸಿಕ್ಕ ವೀರಗಲ್ಲಿನ ವಿಷಯ ಹೇಳಲು ಶುರುಮಾಡಿದರೆ ನನ್ನ ಬಸ್ಸು ಗುಬ್ಬಿ ಮುಟ್ಟಿದರೂ ಮುಗಿಯುತ್ತಿರಲಿಲ್ಲ.

ಹೋದ ವರ್ಷ ಬೇಸಿಗೆಯಲ್ಲಿ ಅವರ ಲ್ಯಾಪ್‌ಟಾಪಿನ ಬ್ಯಾಟರಿ ಊದಿಕೊಂಡು ಕೀಲಿಮಣೆಯೇ ಮೇಲೆದ್ದಿತು. ಫ್ಯಾನಿನ ಸದ್ದಿಗೆ ಓದುವ ದನಿ ಕೇಳಿಸದಂತಾಯಿತು. ಹೊಸದು ಕೊಂಡರು. ಹಳೆಯದರಲ್ಲಿದ್ದ ತಂತ್ರಾಂಶಗಳನ್ನೆಲ್ಲ ಹೊಸದಕ್ಕೆ ಸಾಗಿಸುವ ಕೆಲಸ ನನ್ನದಾಯಿತು. ಎರಡೂ ಯಂತ್ರಗಳನ್ನು ಬ್ಯಾಗಿನಲ್ಲಿಟ್ಟುಕೊಂಡು ಮೇಷ್ಟ್ರ ಹೆಂಡತಿ ಬಸ್ಸಿನಲ್ಲಿ ತುಮಕೂರಿಗೆ ಬಂದು ಲ್ಯಾಬಿನಲ್ಲಿ ಕೊಟ್ಟು ಹೋದರು.

ಈ ಕೆಲಸ ನನಗೆ ನೀರು ಕುಡಿದಷ್ಟು ಸಲೀಸು. ಲಿನಕ್ಸ್ ಕಂಪ್ಯೂಟರಿನಲ್ಲಿ ಪ್ರತಿಯೊಂದು ತಂತ್ರಾಂಶವೂ ಒಂದೊಂದು ಪ್ಯಾಕೇಜಾಗಿ ಬಂದು ಕೂರುತ್ತದೆ. ಏನೇನು ಕೂತಿದೆ ಎಂದು ಕೇಳಿದರೆ ಯಂತ್ರವೇ ಪಟ್ಟಿ ಒಪ್ಪಿಸುತ್ತದೆ. ಆ ಪಟ್ಟಿಯನ್ನು ಹೊಸ ಯಂತ್ರಕ್ಕೆ ಕೊಟ್ಟರೆ ಅದು ಅಂತರ್ಜಾಲದಿಂದ ಒಂದೊಂದನ್ನೇ ಇಳಿಸಿಕೊಳ್ಳುತ್ತದೆ. ಹಳೆಯದಕ್ಕೆ ಲ್ಯಾಬಿನ ಮಾನಿಟರ್ ಸಿಕ್ಕಿಸಿ ಪಟ್ಟಿ ತೆಗೆದೆ. ಮೇಷ್ಟ್ರ ಸ್ವಂತ ಫೋಲ್ಡರನ್ನು, ಅಂದರೆ ಅವರ ಲೇಖನ, ಪಾಠದ ಟಿಪ್ಪಣಿ, ಪತ್ರಗಳನ್ನೆಲ್ಲ ಪೂರ್ತಿ ಕಾಪಿ ಮಾಡಿದೆ. ಹೊಸದರಲ್ಲಿ ಎಲ್ಲ ಕೂತ ಮೇಲೆ ಅದರ ಪಟ್ಟಿಯನ್ನೂ ತೆಗೆದು ಎರಡನ್ನೂ ಹೋಲಿಸಿದೆ. ಒಂದು ಸಾಲಿನ ವ್ಯತ್ಯಾಸವೂ ಇರಲಿಲ್ಲ. ಪಕ್ಕದ ಸ್ಟಾಫ್ ರೂಮಿಗೆ ಹೋಗಿ ಟೀ ಕುಡಿದು ಬಂದೆ.

ಲ್ಯಾಬಿನಿಂದಲೇ ಮೇಷ್ಟ್ರಿಗೆ ಫೋನ್ ಮಾಡಿದೆ.

"ನನ್ ಫೈಲೆಲ್ಲ ಬಂದ್ವಾ ಮೇಡಂ?"

"ಎಲ್ಲಾ ಬಂತು ಸಾರ್."

"ಹಂಗಾದ್ರೆ ಹಳೇದ್ನ ಏನ್ ಬೇಕಾದ್ರೂ ಮಾಡಿ. ಮನೇಲಿಟ್ಕೊಂಡು ನಾನೇನ್ ಮಾಡ್ಲಿ?"

ಬ್ಯಾಟರಿ ಊದಿದ ಯಂತ್ರವನ್ನು ಮನೆಯಲ್ಲಿಡುವುದು ಒಳ್ಳೆಯದಲ್ಲ ಎಂದು ನಾನೂ ಹೇಳಿದೆ. ಹಳೆಯದನ್ನು ಬಿಚ್ಚಿ ಬಿಡಿಭಾಗ ಮಾಡುವ ಅಂಗಡಿಯೊಂದಕ್ಕೆ ಕೊಡುವುದೆಂದಾಯಿತು. ಕೊಡುವ ಮೊದಲು ಅದರಲ್ಲಿದ್ದುದನ್ನು ಬರೀ ಡಿಲೀಟ್ ಮಾಡಲಿಲ್ಲ. ಯಾರ ಕೈಗೆ ಹೋದರೂ ಮೇಷ್ಟ್ರ ಒಂದು ಪತ್ರವೂ ಸಿಗಬಾರದೆಂದು ಡಿಸ್ಕಿನ ಉದ್ದಗಲಕ್ಕೂ ಸೊನ್ನೆಗಳನ್ನು ಬರೆಸಿದೆ. ಹಾಗೆ ಮಾಡಿದ ಮೇಲೆ ಎಂಥ ನಿಪುಣನಿಗೂ ಏನೂ ಮರಳಿ ಸಿಗುವುದಿಲ್ಲ. ನನ್ನ ಕೆಲಸದ ಅಚ್ಚುಕಟ್ಟಿನ ಬಗ್ಗೆ ನನಗೆ ಜಂಬವಿತ್ತು. ಅದನ್ನು ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ.

ಹೊಸ ಲ್ಯಾಪ್‌ಟಾಪ್ ಕುಣಿಗಲ್ ತಲುಪಿದ ಮೂರನೆಯ ದಿನ ಮೇಷ್ಟ್ರು ಫೋನ್ ಮಾಡಿದರು.

"ಮೇಡಂ, ಇದು ತುಱು ಓದ್ತಾ ಇಲ್ವಲ್ಲ."

ನನಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ತುಱು ಎಂದರೆ ಹಸು, ದನ. ಹಳಗನ್ನಡದಲ್ಲಿ ಈಗ ಬಳಕೆಯಲ್ಲಿಲ್ಲದ ಎರಡು ಅಕ್ಷರಗಳಿವೆ, ಱ ಮತ್ತು ೞ. ವೀರಗಲ್ಲುಗಳ ಬರಹದ ತುಂಬ ಅವೇ. ಕಳ್ಳರು ಹೊಡೆದುಕೊಂಡು ಹೋದ ದನಗಳನ್ನು ಬಿಡಿಸಿಕೊಂಡು ಬರಲು ಹೋಗಿ ಸತ್ತವನ ಕಲ್ಲಿನಲ್ಲಿ ತುಱು ಎಂಬ ಪದ ಇರಲೇಬೇಕು. ಹೊಸ ಯಂತ್ರ ಆ ಎರಡು ಅಕ್ಷರ ಬಂದ ಕಡೆಯಲ್ಲೆಲ್ಲ ನುಂಗಿಕೊಂಡು ಮುಂದೆ ಹೋಗುತ್ತಿತ್ತು. ವೀರನೊಬ್ಬ ಸುಮ್ಮಸುಮ್ಮನೆ ಸತ್ತಂತೆ ಕೇಳಿಸುತ್ತಿತ್ತು. ಕ್ರಿ.ಶ. ಎಂದಿದ್ದರೆ 'ಕ್ರಿ' ಎಂದು ನಿಂತು, ಉಸಿರು ತೆಗೆದುಕೊಂಡಂತೆ ಮಾಡಿ, ಆಮೇಲೆ 'ಶ' ಎನ್ನುತ್ತಿತ್ತಂತೆ.

"ಹಳೇದ್ರಲ್ಲಿ ಹೆಂಗ್ ಓದ್ತಿತ್ತು ಸಾರ್?"

"ನಾನೇ ಹೇಳ್ಕೊಟ್ಟಿದ್ನಲ್ಲ. ಒಂದೊಂದೇ ಪದ ಹಾಕಿ ಹಾಕಿ. ಎಂಟು ವರ್ಷದ್ದು ಮೇಡಂ ಅದು, ಎರಡು ಸಾವಿರ ಪದದ ಮೇಲಿತ್ತು."

ಅಷ್ಟು ಕೇಳಿದ ಕೂಡಲೇ ಏನಾಗಿದೆಯೆಂದು ನನಗೆ ಹೊಳೆಯಿತು. ಓದುವ ತಂತ್ರಾಂಶಕ್ಕೆ ಅದರದೇ ಒಂದು ಉಚ್ಚಾರಣೆಯ ಕಡತವಿರುತ್ತದೆ. ಮೇಷ್ಟ್ರು ಎಂಟು ವರ್ಷ ತಮ್ಮ ಪದಗಳನ್ನು ಆ ಕಡತದಲ್ಲೇ ಬರೆದಿದ್ದರು. ಅದು ಅವರ ಸ್ವಂತ ಫೋಲ್ಡರಿನಲ್ಲಿರಲಿಲ್ಲ, ತಂತ್ರಾಂಶದ ಜಾಗದಲ್ಲಿತ್ತು. ಪಟ್ಟಿಯಲ್ಲಿ ಆ ತಂತ್ರಾಂಶದ ಹೆಸರಿತ್ತು. ಹೊಸ ಯಂತ್ರ ಅದನ್ನು ಇಳಿಸಿಕೊಂಡಿತು, ಜೊತೆಗೆ ಯಾರೂ ಮುಟ್ಟದ ಹೊಚ್ಚಹೊಸ ಕಡತವನ್ನೂ ತಂದು ಕೂರಿಸಿತು. ಪಟ್ಟಿ ಪಟ್ಟಿಗೆ ಸರಿಹೋಯಿತು.

ಆಗಲೇ ಹೇಳಬೇಕಿತ್ತು. ನಾನು ಹೇಳಿದ್ದು ಬೇರೆ. "ಭಾಷೆ ಸೆಟ್ಟಿಂಗ್ ಇರ್ಬೇಕು ಸಾರ್. ನೋಡಿ ಹೇಳ್ತೀನಿ."

ಮಾರನೆಯ ದಿನ ಅಂಗಡಿಗೆ ಹೋದೆ. ಮೇಷ್ಟ್ರ ಯಂತ್ರವನ್ನು ಬಿಚ್ಚಿ ಭಾಗಗಳನ್ನು ಬೆಂಗಳೂರಿಗೆ ಕಳಿಸಿಯಾಗಿತ್ತು. ಇದ್ದಿದ್ದರೂ ಅದರಲ್ಲಿ ಸೊನ್ನೆ ಬಿಟ್ಟು ಬೇರೇನೂ ಇರಲಿಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಹೋಗಿದ್ದೆ. ಆಮೇಲಿನ ಎರಡು ವಾರ ಮೇಷ್ಟ್ರ ಫೋನ್ ಬರುತ್ತಲೇ ಇತ್ತು. ಒಮ್ಮೆ ಎತ್ತಿಕೊಂಡು "ಅಪ್‌ಡೇಟ್ ಬರ್ಬೇಕು ಸಾರ್" ಎಂದೆ. ಇನ್ನೊಮ್ಮೆ ಎತ್ತಲೇ ಇಲ್ಲ. ಗುಬ್ಬಿಯ ಬಸ್ಸಿನಲ್ಲಿ ಕೂತು ಅದು ರಿಂಗಾಗಿ ನಿಲ್ಲುವವರೆಗೂ ಕಿಟಕಿಯ ಆಚೆ ನೋಡುತ್ತಿದ್ದೆ. ಪಕ್ಕದಲ್ಲಿದ್ದ ಹೆಂಗಸು "ಫೋನ್ ಹೊಡ್ಕೊಳ್ತಾ ಅದೆ ಕಣಮ್ಮ" ಎಂದಳು.

ಆಮೇಲೆ ಅವರ ಕರೆ ನಿಂತಿತು. ಬಂದದ್ದು ಅವರ ಹೆಂಡತಿಯ ಕರೆ.

"ನಿಮ್ ಸಾರು ಕಂಪ್ಯೂಟರ್ ಮುಚ್ಚಿಟ್ಬುಟ್ಟವ್ರೆ ಕಣಮ್ಮ. ನನ್ ಕೈಲಿ ಓದುಸ್ತಾರೆ. ನಂಗೆ ಆ ಹಳೇ ಅಕ್ಷರ ಎಲ್ಲಿ ಬರ್ತದೆ? ತಪ್ಪು ಓದುದ್ರೆ ರೇಗ್ತಾರೆ. ಮುಂದಿನ ತಿಂಗಳು ತುಮಕೂರಲ್ಲಿ ಯಾವ್ದೋ ಸಭೇಲಿ ಪ್ರಬಂಧ ಓದ್ಬೇಕಂತೆ. ಬರ್ದೇ ಇಲ್ಲ."

ಆ ಭಾನುವಾರ ಕುಣಿಗಲ್ಲಿಗೆ ಹೊರಟೆ. ಹೆಬ್ಬೂರು ದಾಟುವವರೆಗೂ ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ವಾಕ್ಯ ಜೋಡಿಸಿದೆ. ಅವರ ಮನೆಯ ಹೊಸ್ತಿಲು ದಾಟಿದಾಗ ಒಂದೂ ನೆನಪಿಗೆ ಬರಲಿಲ್ಲ. ಮೇಷ್ಟ್ರು ಹಜಾರದಲ್ಲಿ ಕೂತಿದ್ದರು. ಲ್ಯಾಪ್‌ಟಾಪಿನ ಮೇಲೆ ಒಂದು ಟವೆಲ್ ಹೊದಿಸಿತ್ತು.

"ಸಾರ್, ನಿಮ್ ಪದಗಳು ಹೋದ್ವು. ನಾನು ಕಾಪಿ ಮಾಡ್ಲಿಲ್ಲ. ಹಳೇದ್ನ ಅಳಿಸಿನೂ ಬಿಟ್ಟೆ. ಮೂರನೇ ದಿನಾನೇ ನಂಗೆ ಗೊತ್ತಾಗಿತ್ತು."

ಒಳಗೆ ಅವರ ಹೆಂಡತಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದರು.

"ಅಳ್ಸಿದ್ದು ತಪ್ಪಲ್ಲ, ನಾನೇ ಹೇಳಿದ್ದೆ," ಎಂದರು ಮೇಷ್ಟ್ರು. "ನಿನ್ನೊಳಗೆ ಏನೇನಿದೆ ಅಂತ ಕಂಪ್ಯೂಟರ್ನ ಕೇಳಿದ್ರಿ. ಅದಕ್ಕೆ ಗೊತ್ತಿರೋದ್ನ ಅದು ಹೇಳ್ತು. ನನ್ನೊಂದ್ಮಾತು ಕೇಳ್ಲಿಲ್ವಲ್ಲ ಮೇಡಂ."

ಅವರು ಮತ್ತೆ ಶುರುಮಾಡಿದರು. ಈ ಸಲ ದನಿ ಗಡುಸಾಗಿತ್ತು.

"ಎರಡು ವಾರ ನಾನು ಅದರ ಸೆಟ್ಟಿಂಗೆಲ್ಲ ಒಂದೊಂದಾಗಿ ಬದಲಾಯಿಸ್ತಾ ಕೂತಿದ್ದೆ. ನಾನೇ ಏನೋ ಕೆಡಿಸ್ದೆ ಅನ್ಕೊಂಡು. ಅದು ನಿಮಗೆ ಗೊತ್ತಾ?"

ಗೊತ್ತಿರಲಿಲ್ಲ. ಅಷ್ಟು ದಿನ ನಾನು ಯೋಚಿಸಿದ್ದು ನನ್ನ ಭಯದ ಬಗ್ಗೆ ಮಾತ್ರ. ಅವರು ತಮ್ಮನ್ನೇ ದೂರಿಕೊಂಡು ಕೂತಿರಬಹುದೆಂದು ಒಂದು ಕ್ಷಣವೂ ಹೊಳೆದಿರಲಿಲ್ಲ. ಅಲ್ಲೇ ಕಂಬಕ್ಕೆ ಒರಗಿ ಅತ್ತೆ. ಅವರ ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಂದು ನನ್ನನ್ನು ಕೂರಿಸಿದರು.

"ಗುಬ್ಬಿಲಿ ಸಂಗೀತದ ಟೀಚರಮ್ಮ ಒಬ್ರವ್ರಲ್ಲ," ಎಂದರು ಗಂಡನ ಕಡೆ ತಿರುಗಿ. "ಕಣ್ ಕಾಣ್ಸಲ್ವಲ್ಲ, ಅವ್ರು. ನೀವೇ ಒಂದ್ಸಲ ಪೆನ್‌ಡ್ರೈವಲ್ಲಿ ಹಾಕಿ ಏನೋ ಕೊಟ್ಟಿದ್ರಿ. ಇದೇ ಅಲ್ವಾ?"

"ಅದು ಯಾವ ಕಾಲದ್ದೋ. ಬುಡು."

"ಹಳೇದಾದ್ರೇನು, ಕೇಳುದ್ರೆ ತಪ್ಪಾ?"

ಕೇಳಿ ನೋಡಿದರೆ ಸಂಗೀತದ ಟೀಚರ ಮನೆ ಗುಬ್ಬಿಯಲ್ಲಿ ನಮ್ಮ ಮನೆಯಿಂದ ಮೂರು ಬೀದಿ ಆಚೆಗಿತ್ತು. ಮರುದಿನ ಸಂಜೆ ಹೋದೆ. ಐವತ್ತೈದರ ಹೆಂಗಸು. ಪಾಠ ಮುಗಿಸಿ ಶ್ರುತಿಪೆಟ್ಟಿಗೆ ಎತ್ತಿಡುತ್ತಿದ್ದರು. ವಿಷಯ ಕೇಳಿ ನಕ್ಕರು, ಆಮೇಲೆ ನಗು ನಿಲ್ಲಿಸಿದರು.

"ಅಯ್ಯೋ, ಅವ್ರು ಕೊಟ್ಟಿದ್ದು ನನ್ ಹತ್ರ ಹಂಗೇ ಇಲ್ಲ ಕಣಮ್ಮ. ಶಾಸನದ ಪದ ಎಲ್ಲ ನಂಗ್ಯಾಕೆ ಅಂತ ಎಷ್ಟೋ ತೆಗ್ದಾಕ್ಬಿಟ್ಟೆ. ಕೀರ್ತನೆ, ರಾಗದ ಹೆಸ್ರು ಸೇರಿಸ್ಕೊಂಡಿದೀನಿ. ಆದ್ರೆ ಅದ್ಯಾವ್ದೋ ಎರಡು ಅಕ್ಷರ ಇದ್ವು, ಏನು ಅಂತ ಗೊತ್ತಾಗ್ದೆ ಮುಟ್ಟಿಲ್ಲ. ಇರೋದ್ನ ತಗೊಂಡೋಗಿ."

ಆ ಎರಡು ಅಕ್ಷರ ಉಳಿದಿದ್ದವು. ಮೇಷ್ಟ್ರದೆಂದು ಗುರುತಿಸಬಹುದಾದ ಪದಗಳು ಸುಮಾರು ಮುನ್ನೂರು ಸಿಕ್ಕವು. ಮುಂದಿನ ಭಾನುವಾರ ಕುಣಿಗಲ್ಲಿನಲ್ಲಿ ಅವನ್ನು ಹಾಕಿ ವೀರಗಲ್ಲಿನ ಬರಹ ಓದಿಸಿದೆವು. ತುಱು ಬಂತು. ಮೇಷ್ಟ್ರ ಮುಖದ ಬಿಗುವು ಕೊಂಚ ಸಡಿಲವಾಯಿತು. ಆದರೆ ಮೂರನೆಯ ಸಾಲಿನಲ್ಲೇ ದನಿ ಮತ್ತೆ ಎಡವಿತು.

ಮಳೆಗಾಲವೆಲ್ಲ ಭಾನುವಾರಗಳು ಹಾಗೆಯೇ ಹೋದವು. ಅವರ ಹಳೆಯ ಲೇಖನಗಳನ್ನು ಒಂದೊಂದಾಗಿ ಓದಿಸುವುದು, ತಪ್ಪಿದ ಕಡೆ ನಿಲ್ಲಿಸುವುದು, ಆ ಪದಕ್ಕೆ ಉಚ್ಚಾರಣೆ ಬರೆಯುವುದು. ಕೆಲವು ಪದಗಳನ್ನು ಹಿಂದೆ ಹೇಗೆ ಸರಿಮಾಡಿದ್ದರೆಂದು ಅವರಿಗೇ ನೆನಪಿರಲಿಲ್ಲ. ಒಂದೇ ಪದವನ್ನು ಇಪ್ಪತ್ತು ರೀತಿ ಬರೆದು ಕೇಳಿ, "ಊಹೂಂ, ಹಿಂಗಿರ್ಲಿಲ್ಲ" ಎಂದು ತಲೆಯಾಡಿಸುತ್ತಿದ್ದರು. ಒಮ್ಮೊಮ್ಮೆ ಸಾಕೆನಿಸಿ ಎದ್ದುಹೋಗಿ ಹಿತ್ತಿಲಲ್ಲಿ ನಿಲ್ಲುತ್ತಿದ್ದರು. ಅವರು ಮರಳುವವರೆಗೂ ನಾನು ಮುಂದಿನ ಪದಕ್ಕೆ ಹೋಗದೆ ಕೂತಿರುತ್ತಿದ್ದೆ.

ತುಮಕೂರಿನ ಸಭೆಯ ದಿನ ಬಂತು, ಹೋಯಿತು. ಅವರ ಹೆಸರು ಅಚ್ಚಾಗಿದ್ದ ಆಮಂತ್ರಣ ಟೀವಿಯ ಪಕ್ಕದಲ್ಲಿ ಒಂದಷ್ಟು ದಿನ ಇತ್ತು. ಅವರ ಬದಲು ಬೇರೆಯವರು ಬೇರೇನೋ ಓದಿದರಂತೆ. ಅದರ ಬಗ್ಗೆ ಅವರು ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಲ್ಯಾಬಿನಲ್ಲಿ ಈಗಲೂ ಯಂತ್ರದಿಂದ ಯಂತ್ರಕ್ಕೆ ಸಾಗಿಸುವ ಕೆಲಸ ಬರುತ್ತಲೇ ಇರುತ್ತದೆ. ಪಟ್ಟಿ ತೆಗೆಯುವ ಮುಂಚೆ, ನೀವಾಗಿ ಏನಾದರೂ ಸೇರಿಸಿದ್ದೀರಾ ಎಂದು ಎದುರಿಗಿರುವವರನ್ನು ಕೇಳುತ್ತೇನೆ. ಹೆಚ್ಚಿನವರು ಇಲ್ಲ ಎನ್ನುತ್ತಾರೆ. ನಂಬಿಕೆ ಬಾರದೆ ಎರಡನೆಯ ಸಲ ಕೇಳುತ್ತೇನೆ. ಕೆಲವರಿಗೆ ರೇಜಿಗೆಯಾಗುತ್ತದೆ.

ಸಂಕ್ರಾಂತಿಯ ಹೊತ್ತಿಗೆ ಮೇಷ್ಟ್ರ ಪದಗಳು ಒಂಬೈನೂರು ದಾಟಿದ್ದವು. ಎಳ್ಳು ಬೆಲ್ಲ ತೆಗೆದುಕೊಂಡು ಹೋಗಿದ್ದೆ. ಅವರು ಪ್ರಬಂಧ ಬರೆಯುತ್ತಿದ್ದರು, ದನಿ ಮೊದಲಿನ ವೇಗದಲ್ಲೇ ಓಡುತ್ತಿತ್ತು. ಒಂದು ಕಡೆ ಎಡವಿತು. ಅವರು ನಿಲ್ಲಿಸಿ, ನನ್ನನ್ನು ಕೇಳದೆ, ಪದ ಸೇರಿಸಿ ಮತ್ತೆ ಓದಿಸಿದರು. ಸರಿಬಂತು. ಎದ್ದು ಹೊರಡುವಾಗ, "ಇದಿಷ್ಟನ್ನೂ ಒಂದು ಕಾಪಿ ನಾನೂ ಇಟ್ಕೊಳ್ಲಾ ಸಾರ್? ಯಾವತ್ತಾದ್ರೂ ಬೇಕಾದ್ರೆ," ಎಂದೆ.

"ಬೇಡ ಮೇಡಂ. ನಾನೇ ಮಾಡ್ಕೊಂಡಿದೀನಿ," ಎಂದರು. ಅಂಗಿಯ ಜೇಬಿನಿಂದ ಪೆನ್‌ಡ್ರೈವ್ ತೆಗೆದು ನನ್ನ ಕಡೆಗೆ ಹಿಡಿದು ತೋರಿಸಿ ಮತ್ತೆ ಜೇಬಿಗೇ ಹಾಕಿಕೊಂಡರು. "ಬಿಸ್ಲು ಏರೋ ಮುಂಚೆ ಹೊರಡಿ. ಈಗ ಬಸ್ ಅದೆ."