ಅಪವರ್ತನ, ಅಪವರ್ತ್ಯ

ಎಂಟನೇ ತರಗತಿ ಮುಗಿಯುವವರೆಗೆ ಮೆಲ್ಕಾರಿನ ಹತ್ತಿರದ ನಮ್ಮ ಶಾಲೆಯಲ್ಲಿ ಲೆಕ್ಕ ಅಂದರೆ ನಾನೇ. ಒಂಬತ್ತನೆಯದಕ್ಕೆ ಗಲ್ಫಿನಿಂದ ಬ್ಯಾರಿ ಹುಡುಗಿಯೊಬ್ಬಳು ಬಂದು ನನ್ನ ಬೆಂಚಿನಲ್ಲೇ ಕುಳಿತಳು. ಅಲ್ಲಿ ಇಂಗ್ಲಿಷಿನಲ್ಲಿ ಓದಿದವಳು, ಕನ್ನಡ ಮನೆಯಲ್ಲಿ ಕಲಿತದ್ದು. ನನ್ನ ತುಳು ಅವಳಿಗೆ ಬಾರದು, ಅವಳ ಬ್ಯಾರಿ ಭಾಷೆ ನನಗೆ ಬಾರದು. ಹಾಗಾಗಿ ನಮ್ಮ ಮಾತೆಲ್ಲ ಶಾಲೆಯ ಕನ್ನಡದಲ್ಲಿ.

ಲೆಕ್ಕದ ಟೀಚರ್ ಪ್ರತಿ ಶನಿವಾರ ಬೋರ್ಡಿನಲ್ಲಿ ದೊಡ್ಡದೊಂದು ಸಂಖ್ಯೆ ಬರೆದು, "ಇದರ ಜಾತಕ ಬರೀರಿ" ಎನ್ನುತ್ತಿದ್ದರು. ಸಮವೋ ಬೆಸವೋ, ಪೂರ್ಣ ವರ್ಗವೋ, ಅವಿಭಾಜ್ಯವೋ, ಅಲ್ಲವಾದರೆ ಯಾವುದರಿಂದೆಲ್ಲ ಭಾಗವಾಗುತ್ತದೆ ಎಂದು ಬರೆಯಬೇಕು. ನಾನು ಮೂರು, ಏಳು, ಹನ್ನೊಂದು ಎಂದು ಕತ್ತೆಯ ಹಾಗೆ ದುಡಿಯುತ್ತಿದ್ದೆ. ಅವಳು ಸಂಖ್ಯೆಯನ್ನು ಸುಮ್ಮನೆ ನೋಡಿ, ಪೆನ್ಸಿಲ್ ಕಚ್ಚಿ, ಉತ್ತರ ಬರೆದುಬಿಡುತ್ತಿದ್ದಳು. ಟೀಚರ್ ಮೊದಲು ತಿರುಗಿಸುತ್ತಿದ್ದದ್ದು ನನ್ನ ಪುಸ್ತಕ. ದೀಪಾವಳಿ ಕಳೆಯುವಷ್ಟರಲ್ಲಿ ಅವಳದ್ದು. ನನಗೆ ಹೊಟ್ಟೆಕಿಚ್ಚು, ಬೇರೆ ಹೆಸರು ಬೇಡ. ಅವಳ ಉತ್ತರಗಳಲ್ಲಿ ಮೊಸರಿನಲ್ಲಿ ಕಲ್ಲು ಹುಡುಕಿದ ಹಾಗೆ ಹುಡುಕಿದೆ, ಸಿಗಲಿಲ್ಲ. ಶನಿವಾರಗಳಂದು ಅವಳಿಗೆ ಜ್ವರ ಬರಲಿ ಎಂದು ಬೇಡಿಕೊಂಡದ್ದೂ ಉಂಟು.

ಮೂಡುಬಿದಿರೆಯಲ್ಲಿ ಗಣಿತ ಸ್ಪರ್ಧೆ ಇತ್ತು. ನಮ್ಮಿಬ್ಬರನ್ನೂ ಕಳಿಸಿದರು. ಅವಳಿಗಿಂತ ಒಂದು ಅಂಕ ಹೆಚ್ಚು ಬಂದರೂ ಸಾಕು, ಟೀಚರ್ ಪುನಃ ನನ್ನ ಪುಸ್ತಕ ತಿರುಗಿಸುತ್ತಾರೆ ಎಂಬುದೊಂದೇ ನನ್ನ ತಲೆಯಲ್ಲಿ. ಬಸ್ಸಿನಲ್ಲಿ ಅವಳು ಕೇಳಿದಳು:

"ಮಾರಾಯ್ತಿ, ಈ ಅಪವರ್ತನ, ಅಪವರ್ತ್ಯ ಉಂಟಲ್ಲ, ಅದರಲ್ಲಿ ಭಾಗಿಸುವುದು ಯಾವುದು, ಗುಣಿಸಿ ಬರುವುದು ಯಾವುದು? ನಂಗೆ ಯಾವಾಗ್ಲೂ ಉಲ್ಟಾ ಆಗ್ತದೆ."

ಭಾಗಿಸುವುದು ಅಪವರ್ತನ. ಕ್ಲಾಸಿನಲ್ಲಿ ಟೀಚರ್ ಅವಳಿಗೋಸ್ಕರ ಅದನ್ನು 'ಫ್ಯಾಕ್ಟರ್' ಎಂದೇ ಹೇಳುತ್ತಿದ್ದರು. ಮೂಡುಬಿದಿರೆಯ ಪ್ರಶ್ನೆಪತ್ರಿಕೆ ಹಾಗೆ ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು.

"ಅಪವರ್ತನ ಅಂದ್ರೆ ಗುಣಿಸಿ ಬರುವುದು" ಎಂದೆ. ನಾಲಿಗೆ ತೊದಲಲೂ ಇಲ್ಲ.

"ನಿನ್ನಲ್ಲಿ ಕೇಳಿದ್ದು ಒಳ್ಳೇದಾಯ್ತು" ಎಂದಳು.

ಕೊನೆಯ ಪ್ರಶ್ನೆ: 9,99,991ರ ಅಪವರ್ತನಗಳನ್ನು ಬರೆಯಿರಿ. ನಾನು ಭಾಗಿಸುತ್ತಾ ಹೋದೆ. ಹದಿನೇಳರಲ್ಲಿ ಎಲ್ಲೋ ಕೈತಪ್ಪಿ ಶೇಷ ಉಳಿಯಿತು. ಮೂವತ್ತರ ಆಚೆ ಹೋಗುವಾಗ ಬೆವರು ಬಂದು, ಇದು ಅವಿಭಾಜ್ಯ ಎಂದು ಬರೆದು ಕೈ ತೊಳೆದುಕೊಂಡೆ.

ಬಹುಮಾನ ಬೇರೆ ಯಾವುದೋ ಶಾಲೆಗೆ ಹೋಯಿತು. ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಅವಳಿಗೆ ಬೇಸರವೇನೋ ಇತ್ತು, ಆದರೆ ಸೋತದ್ದಕ್ಕಲ್ಲ.

"ಕೊನೇದ್ದು ಅಷ್ಟು ಸುಲಭದ್ದು ಯಾಕೆ ಕೊಟ್ರು? ಎರಡರಿಂದ ಗುಣಿಸಿದೆ, ಮೂರರಿಂದ ಗುಣಿಸಿದೆ, ಜಾಗ ಮುಗಿಯುವವರೆಗೆ ಬರೆದೆ. ಎಷ್ಟು ಚಂದದ ಸಂಖ್ಯೆ ಅದು! ಹತ್ತು ಲಕ್ಷಕ್ಕೆ ಒಂಬತ್ತು ಕಡಿಮೆ. ಸಾವಿರದ ವರ್ಗದಿಂದ ಮೂರರ ವರ್ಗ ಕಳೆದ ಹಾಗೆ. ಒಡೆದ್ರೆ ಒಂದು ಕಡೆ ಒಂಬೈನೂರ ತೊಂಬತ್ತೇಳು, ಇನ್ನೊಂದು ಕಡೆ ಸಾವಿರದ ಮೂರು. ಆ ಸಾವಿರದ ಮೂರನ್ನು ಪುನಃ ಹದಿನೇಳರಿಂದ ಒಡೀಬಹುದು. ಅದನ್ನು ಅವರು ಕೇಳ್ಲೇ ಇಲ್ಲ ನೋಡು."

ಆಗ ನನಗೆ ನಾಚಿಕೆ ಆಗಬೇಕಿತ್ತು. ಆದದ್ದು ಇನ್ನಷ್ಟು ಹೊಟ್ಟೆಕಿಚ್ಚು.

"ಹೌದು, ಕೇಳ್ಬಹುದಿತ್ತು" ಎಂದೆ.