ಮೆಳ್ಳೆಗಣ್ಣಿಗೆ ಬಿಳಿ ಬಲ್ಬು

ತಿ. ನರಸೀಪುರದಿಂದ ನಂಜನಗೂಡಿನ ಕಡೆಗೆ ಬರುವಾಗ, ಹದಿನಾರು ಎಂಬ ಊರಿಗೆ ಮೊದಲು ಒಂದು ತಿರುವು ಸಿಗುತ್ತದೆ. ತಿರುವಿನಾಚೆ ರಸ್ತೆ ನೆಟ್ಟಗೆ, ಮರದ ನೆರಳಿಲ್ಲದೆ, ಬಿಸಿಲಿಗೆ ಬಿದ್ದುಕೊಂಡಿದೆ. ಹುರುಳಿ ಕಿತ್ತ ಮೇಲೆ ನಮ್ಮಪ್ಪ ತಂದು ಹರಡುವುದು ಅಲ್ಲಿಯೇ. ಸಗಣಿ ಸಾರಿಸಿ ಕಣ ಮಾಡಿ, ಎತ್ತು ಕಟ್ಟಿ ಕಲ್ಲಿನ ಗುಂಡು ಎಳೆಸುವ ಕಾಲ ನಮ್ಮ ಕಡೆ ಮುಗಿದು ಬಹಳ ದಿನವಾಯಿತು. ಈಗ ಡಾಂಬರು ರಸ್ತೆಯೇ ಕಣ. ಬಸ್ಸು, ಲಾರಿ, ಕಬ್ಬಿನ ಟ್ರ್ಯಾಕ್ಟರು ಮೇಲೆ ಹಾದುಹೋದಂತೆಲ್ಲ ಕಾಯಿ ಒಡೆದು ಕಾಳು ಕೆಳಗಿಳಿಯುತ್ತದೆ. ಅಪ್ಪ ಆಗಾಗ ಕವೆಗೋಲಿನಲ್ಲಿ ತಿರುವಿ ಹಾಕುತ್ತಾನೆ, ಸುತ್ತ ಕಲ್ಲಿಡುತ್ತಾನೆ, ಪಕ್ಕದ ಮೋರಿಯ ಮೇಲೆ ಕೂತು ಬೀಡಿ ಹಚ್ಚುತ್ತಾನೆ.

ಪೊಲೀಸರು ವರ್ಷಕ್ಕೊಮ್ಮೆ ಬಂದು ಬೈದು ಹೋಗುತ್ತಾರೆ. ಅವರ ಜೀಪು ಮರೆಯಾಗುವವರೆಗೆ ಅಪ್ಪ ಕೈಕಟ್ಟಿ ನಿಂತಿರುತ್ತಾನೆ. ಆಮೇಲೆ ನನ್ನ ಕಡೆ ತಿರುಗಿ, "ಈ ರೋಡು ಹಾಕುವಾಗ ಬಿಸಿ ಟಾರಿನ್ ಮೇಲೆ ಜಲ್ಲಿ ಸುರಿದೋನು ನಾನು ಕಣ್ಲಾ. ನನ್ ಕೇಳಕ್ಕೆ ಅವನ್ಯಾವನು?" ಎನ್ನುತ್ತಾನೆ.

ಸುಳ್ಳಲ್ಲ. ಆ ಕೂಲಿಯಲ್ಲೇ ನಾನು ಬಿ.ಎಸ್ಸಿ. ಓದಿದ್ದು, ಬಿ.ಎಡ್. ಮುಗಿಸಿದ್ದು. ನಮ್ಮ ಮನೆತನದಲ್ಲಿ ಡಿಗ್ರಿ ಕಂಡ ಮೊದಲನೆಯವನು ನಾನು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಈಗ ನರಸೀಪುರದ ಹತ್ತಿರ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಹೆಂಡತಿಗೆ ತಾಂಡ್ಯದ ಫ್ಯಾಕ್ಟರಿಯೊಂದರಲ್ಲಿ ಕೆಲಸವಿರುವುದರಿಂದ ಮನೆ ನಂಜನಗೂಡಿನಲ್ಲಿ. ಅಪ್ಪ ಅವ್ವ ನಡುದಾರಿಯ ಊರಿನಲ್ಲಿ. ಹಾಗಾಗಿ ದಿನಾ ಸಂಜೆ ಹತ್ತನೇ ಕ್ಲಾಸಿನವರ ಸ್ಪೆಷಲ್ ಕ್ಲಾಸು ಮುಗಿಸಿ ಬರುವಾಗ ಮೋರಿಯ ಹತ್ತಿರ ಅಪ್ಪ ನನ್ನ ಕಾರು ನಿಲ್ಲಿಸುತ್ತಾನೆ. ಸೊಪ್ಪೋ, ಅವರೆಕಾಯೋ, ಕಾಳಿನ ಮೂಟೆಯೋ, ಏನಾದರೊಂದು ಹಿಂದಿನ ಡಿಕ್ಕಿಗೆ ಬೀಳಲೇಬೇಕು.

ನಿಲ್ಲಿಸುತ್ತಾನೆ ಎಂದರೆ ಪಕ್ಕದಲ್ಲಿ ನಿಂತು ಕೈ ಬೀಸುವುದಲ್ಲ. ರಸ್ತೆಯ ನಡುವಿಗೇ ಬಂದು, ಅಂಗೈ ಎತ್ತಿ, ಬಸ್ಸು ನಿಲ್ಲಿಸಿದ ಹಾಗೆ. ಹುರುಳಿ ಹರಡಿದ ದಿನಗಳಲ್ಲಿ ಆ ಜಾಗವೆಲ್ಲ ತನ್ನ ಅಂಗಳ ಎಂಬಂತೆ ಅವನ ನಡೆ.

ನನ್ನದು ಎರಡು ಕೈ ದಾಟಿ ಬಂದ ಹಳೇ ಕಾರು. ಹೆಡ್‌ಲೈಟಿನ ಬೆಳಕು ಮಂಕು ಹಳದಿ. ಎಡಗಡೆಯದು ಯಾವಾಗಲೋ ಏಟು ತಿಂದು ಸ್ವಲ್ಪ ಮೇಲಕ್ಕೆ ನೋಡುತ್ತಿತ್ತು. ಕೆಳಗೆ ಬಂಪರಿನಲ್ಲಿ ಅರಿಸಿನದ ಬಣ್ಣದ ಎರಡು ಫಾಗ್ ಲೈಟು. ಅಪ್ಪ ಕಾರಿಗೆ ಮೆಳ್ಳೆಗಣ್ಣಿ ಎಂದು ಹೆಸರಿಟ್ಟಿದ್ದ. "ತಿರುವಲ್ಲಿ ನಿನ್ ಮೆಳ್ಳೆಗಣ್ಣಿ ಮೂತಿ ಕಾಣ್ತಿದ್ದಂಗೇ ಬೀಡಿ ಬಿಸಾಕಿ ಏಳ್ತೀನಿ" ಎಂದು ನಗುತ್ತಿದ್ದ. ಅವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ನರಸೀಪುರದಲ್ಲಿ ತೋರಿಸಿದಾಗ ಡಾಕ್ಟರು ಬೇಗ ಆಪರೇಷನ್ ಮಾಡಿಸಿ ಎಂದಿದ್ದರು. "ಉರುಳಿ ಒಕ್ಕಣೆ ಮುಗೀಲಿ ಸಾ" ಎಂದು ಅಪ್ಪ ಎದ್ದು ಬಂದಿದ್ದ.

ಕಬ್ಬು ಕಡಿಯುವ ಕಾಲ ಅದು. ಒಂದು ಸಂಜೆ ಹೆಂಡತಿಯ ಜೊತೆ ಊರಿಂದ ವಾಪಸು ಹೋಗುವಾಗ, ಹಿಂದೆ ಒಂದು ಕೆಂಪು ದೀಪವೂ ಇಲ್ಲದ ಕಬ್ಬಿನ ಟ್ರೇಲರು ಬಾನೆಟ್ಟಿನ ಮುಂದೆಯೇ ಎದ್ದುನಿಂತಿತು. ಹೇಗೋ ಬ್ರೇಕು ಹಿಡಿಯಿತು. ಗಾಜಿಗೆ ಕಬ್ಬಿನ ಸೋಗೆ ಸವರಿತು. ಹೆಂಡತಿ ಕಾಲ ಬಳಿ ಜಾರಿಬಿದ್ದ ಚೀಲವನ್ನು ಎತ್ತಿ ಮಡಿಲಿಗಿಟ್ಟುಕೊಂಡಳು. ಆಮೇಲೆ, "ಈ ಬುಡ್ಡಿ ದೀಪ ತೆಗೆಸೋವರೆಗೂ ನಾನು ಬಸ್ಸಲ್ಲೇ ಓಡಾಡ್ತೀನಿ ಕಣ್ರೀ" ಎಂದಳು.

ಶನಿವಾರ ನಂಜನಗೂಡಿನಲ್ಲಿ ಕಾರಿಗೆ ಲೈಟು ಹಾಕುವ ಅಂಗಡಿಗೆ ಕಾರು ಬಿಟ್ಟೆ. ಅಂಗಡಿಯವನು ಹಳೇ ಬಲ್ಬು ಬಿಚ್ಚಿ ಬೆಳಕಿಗೆ ಹಿಡಿದು ನೋಡಿ ನಕ್ಕ. "ಏನ್ ಸಾ ಇದು, ಮೇಣದ್ ಬತ್ತಿ! ಎಲ್‌ಇಡಿ ಹಾಕಿ. ಫಾಗ್ ಲೈಟಿಗೂ ಬಿಳೀದೇ ಹಾಕ್ಬಿಡ್ತೀನಿ, ಎಲ್ಲ ಒಂದೇ ತರ ಇರ್ಲಿ. ಎದುರ್ಗಡೆಯೋನು ತಾನಾಗೇ ದಾರಿ ಬಿಡ್ತಾನೆ."

"ಎದುರಿನವರಿಗೆ ಕಣ್ಣು ಕುಕ್ಕಲ್ವಾ?"

"ಕುಕ್ಲಿ ಬಿಡಿ ಸಾ. ಅವ್ರು ನಮ್ಗೆ ಕುಕ್ಕಲ್ವಾ?"

ಹೊಸ ಬಲ್ಬಿನ ಹಿಂದೆ ಪುಟ್ಟ ಫ್ಯಾನು. ಸದ್ದು ನೊಣ ಗುಂಯ್‌ಗುಟ್ಟಿದ ಹಾಗೆ. ನಿಮ್ನ ದರ್ಪಣದ ಪಾಠ ಮಾಡುವವನು ನಾನು. ಒಂದು ಬಲ್ಬಿಗೆಂದು ಮಾಡಿದ ಬಟ್ಟಲಿಗೆ ಇನ್ನೊಂದನ್ನು ಕೂರಿಸಿದರೆ ಬೆಳಕು ಹೇಳಿದ ಮಾತು ಕೇಳುವುದಿಲ್ಲ, ಚೆಲ್ಲಾಡುತ್ತದೆ ಎಂದು ಗೊತ್ತಿತ್ತು. ಆದರೂ ಅಂಗಡಿಯ ಗೋಡೆಯ ಮೇಲೆ ಹಾಲು ಚೆಲ್ಲಿದಂತೆ ಬಿದ್ದ ಆ ಬೆಳಕು ನೋಡಿ ನನಗೂ ಖುಷಿಯಾಯಿತು. ಕೇಳದಿದ್ದರೂ ಅವನು ಎಡಗಡೆಯ ಲೈಟನ್ನು ನೆಟ್ಟಗೆ ಮಾಡಿಕೊಟ್ಟ. ಹಳೇ ಬಲ್ಬುಗಳನ್ನು ಡಬ್ಬಿಗೆ ಹಾಕಿ ನನ್ನ ಕೈಗಿಟ್ಟ.

ಸೋಮವಾರ ಸಂಜೆ ತಿರುವು ದಾಟಿದೆ. ಹುರುಳಿಯ ಮೇಲೆ ಬಿಳಿ ಬೆಳಕು ಬಿದ್ದಿತು. ಮೋರಿಯ ಮೇಲಿದ್ದ ಅಪ್ಪ ಏಳಲಿಲ್ಲ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ನಾನು ಇಳಿದು ಕೂಗಿದ ಮೇಲೆ ಕೈ ತೆಗೆದ.

"ನೀನಾ? ಯಾವನೋ ಸಾವ್ಕಾರ ಬಂದ ಅನ್ಕೊಂಡೆ."

"ಹೊಸ ಲೈಟು ಹಾಕಿಸ್ದೆ ಕಣಪ್ಪ. ಹೆಂಗದೆ?"

"ಕಣ್ಣೊಳ್ಗೆ ಸುಣ್ಣ ಎರಚ್ದಂಗದೆ" ಎಂದ. ಆಮೇಲೆ ಕಾರಿನ ಮೂತಿ ಸವರಿ, "ಇರ್ಲಿ, ಮೇಷ್ಟ್ರ ಕಾರು ಅಂದ್ರೆ ಇಂಗಿರ್ಬೇಕು. ಇನ್ಮೇಲೆ ಬೆಳ್ಳಗ್ ಬಂದ್ರೆ ನೀನು" ಎಂದ.

ಆ ಮಾತು ಅಲ್ಲಿಗೇ ಬಿಟ್ಟೆವು.

ಮುಂದಿನ ವಾರ ಅವ್ವ ಫೋನು ಮಾಡಿದಳು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳೆಂದು ಧ್ವನಿಯಲ್ಲೇ ಗೊತ್ತಾಯಿತು. "ನಿಮ್ಮಪ್ಪ ನೆನ್ನೆ ಏನ್ ಮಾಡವ್ರೆ ಗೊತ್ತಾ? ಮದ್ವೆಗೋಗೋರ ಕಾರು ನಿಲ್ಸಿ, ಡಿಕ್ಕಿ ತಗ್ಸಿ, ಅವರೇಕಾಯಿ ಚೀಲ ಮಡಗ್ಬುಟ್ಟವ್ರೆ. ಒಳಗಿದ್ದ ಎಂಗಸ್ರು ಯಾರ್ ತಾತ ನೀನು ಅಂದ್ರಂತೆ. ನಿನ್ ಕಾರೇ ಅಂತ!"

ನಾನೂ ನಕ್ಕೆ. ಫೋನು ಇಟ್ಟ ಮೇಲೆ ನಗು ನಿಂತಿತು. ಆ ಕಾರಿನವರು ನಿಲ್ಲಿಸಿದ್ದರಿಂದ ತಾನೇ ಇದು ನಗುವ ಕತೆಯಾಗಿದ್ದು? ಅಂದು ಸಂಜೆ ದಾರಿಯುದ್ದಕ್ಕೂ ಎದುರಿಗೆ ಬರುವ ಗಾಡಿಗಳ ದೀಪಗಳನ್ನೇ ನೋಡುತ್ತ ಬಂದೆ. ಬಿಳಿ. ಹಳದಿ. ಬಿಳಿ. ಬಿಳಿ. ನನ್ನಂತೆಯೇ ಎಲ್ಲರೂ ಬದಲಾಯಿಸಿಕೊಂಡಿದ್ದರು. ಇಷ್ಟು ದಿನ ಆ ರಸ್ತೆಯಲ್ಲಿ ಮೆಳ್ಳೆಗಣ್ಣು ಒಂದೇ ಒಂದಿತ್ತು.

ಮೋರಿಯ ಹತ್ತಿರ ಕಾರು ನಿಲ್ಲಿಸಿ ಹೇಳಿದೆ: "ಅಪ್ಪ, ಇನ್ಮೇಲೆ ರೋಡಿಗೆ ಇಳಿಬೇಡ. ನಾನೇ ನಿಲ್ಲಿಸ್ತೀನಿ. ಬೇಡ, ಮಿಷನ್ ತರಿಸ್ತೀನಿ, ಮನೆ ಹತ್ರಾನೇ ಒಕ್ಕಣೆ ಮಾಡ್ಸು."

"ಮಿಷನ್ನಿಗಾಕಿದ್ರೆ ಕಾಳು ಒಡಿತದೆ. ನಂಗೊತ್ತು ಓಗ್ಲಾ. ಮಕ್ಳಿಗೇಳ್ದಂಗೆ ಏಳ್ಬೇಡ."

ಆ ಗುರುವಾರ ಕ್ಲಾಸು ಸ್ವಲ್ಪ ತಡವಾಯಿತು. ಕತ್ತಲು ಇಳಿಯುತ್ತಿತ್ತು. ಗದ್ದೆಗಳ ಮೇಲೆ ತೆಳ್ಳಗೆ ಮಂಜು ಕೂತಿತ್ತು, ನನ್ನ ಬಿಳಿ ಬೆಳಕು ಮಂಜಿಗೆ ತಾಗಿ ಗೋಡೆಯಂತಾಗಿ ನನಗೇ ವಾಪಸು ಬರುತ್ತಿತ್ತು. ಮಂಜಿಗೆಂದೇ ಇದ್ದ ಹಳದಿ ದೀಪಗಳು ಡಬ್ಬಿಯಲ್ಲಿದ್ದವು. ನನ್ನ ಮುಂದೆ ಒಂದು ಕಾರು ಜೋರಾಗಿ ಹೋಗುತ್ತಿತ್ತು. ಅದರದೂ ಬಿಳಿ. ಅದರ ಹಿಂದೆಯೇ ನಾನು ಆ ನೆಟ್ಟನೆಯ ರಸ್ತೆಗೆ ಬಂದೆ.

ಮುಂದಿನ ಕಾರಿನ ಬೆಳಕಿನ ನಡುವೆ ಒಂದು ಅಂಗೈ ಕಂಡಿತು. ಎತ್ತಿದ ಅಂಗೈ, ಅದರ ಕೆಳಗೆ ಬಿಳೀ ಬನಿಯನ್. ಅಪ್ಪ ನಗುತ್ತಿದ್ದ.

ಹಾರನ್ ಹೊಡೆದೆ. ನಾನು ಹೊಡೆದರೆ ಏನಾದೀತು? ಮುಂದಿನವನು ಬ್ರೇಕು ಹಾಕಿದ. ಆದರೆ ಹುರುಳಿಯ ಮೇಲೆ ಚಕ್ರ ಹಿಡಿಯುವುದಿಲ್ಲ, ಕಾಳು ಗುಂಡಿನಂತೆ ಉರುಳುತ್ತದೆ. ಕಾರು ಅಡ್ಡಡ್ಡ ಜಾರಿತು. ಅಪ್ಪ ಕಾಣಲಿಲ್ಲ. ಕಲ್ಲಿಗೆ ಬಡಿದ ಸದ್ದಾಯಿತು. ಮೋರಿಗೆ ಒಂದು ಗೇಣಿರುವಾಗ ಕಾರು ನಿಂತಿತು.

ನಾನು ಓಡಿದೆ. ಅಪ್ಪ ರಸ್ತೆಯ ಆಚೆ ಬದಿಯಲ್ಲಿ, ಒಕ್ಕಿದ ಹೊಟ್ಟಿನ ರಾಶಿಯ ಮೇಲೆ ಕೂತಿದ್ದ. ಒಂದು ಕಾಲಿನ ಚಪ್ಪಲಿ ಇರಲಿಲ್ಲ. ಮೈ ತಡವಿ ನೋಡಿದೆ, ಏನೂ ಆಗಿರಲಿಲ್ಲ. ಕಾರಿನಿಂದ ಇಳಿದವನು, "ಸಾಯಕ್ಕೆ ನನ್ ಗಾಡೀನೇ ಬೇಕಿತ್ತೇನ್ ಮುದ್ಕ?" ಎಂದು ಕೂಗುತ್ತಿದ್ದ.  ನಾನು ಅಪ್ಪನ ಚಪ್ಪಲಿ ಹುಡುಕಿ ತಂದೆ.

"ನೀನೇ ಅನ್ಕೊಂಡೆ ಕಣ್ಲಾ" ಎಂದ ಅಪ್ಪ. "ಬೆಳ್ಳಗ್ ಬಂತು."

ಮಾರನೆಯ ದಿನ ಶಾಲೆಗೆ ರಜೆ ಹಾಕಿ ಅಂಗಡಿಗೆ ಹೋದೆ. ಡಬ್ಬಿ ಮುಂದಿಟ್ಟು, ಹಳೇ ಬಲ್ಬು ಹಾಕಿ, ಫಾಗ್ ಲೈಟಿಗೂ ಹಳದಿಯೇ, ಎಡಗಡೆಯದನ್ನು ಮೊದಲಿನಂತೆ ಮೇಲಕ್ಕೆತ್ತಿ ಎಂದೆ. ಅಂಗಡಿಯವನು ನನ್ನ ಮುಖ ನೋಡಿದ. "ಓದ್ದೋರು ಸಾ ನೀವು..." ಎಂದು ಶುರುಮಾಡಿ, ಅಲ್ಲಿಗೇ ನಿಲ್ಲಿಸಿ ಸ್ಪ್ಯಾನರ್ ಎತ್ತಿಕೊಂಡ.

ಅಂದೇ ಸಂಜೆ ಊರ ಕಡೆ ಹೊರಟೆ. ಕಾರು ಮೆಲ್ಲಗೆ ಬಿಟ್ಟುಕೊಂಡು ನೆಟ್ಟನೆಯ ರಸ್ತೆಗೆ ಬಂದೆ. ಮಂಕು ಹಳದಿ ಬೆಳಕು ಹುರುಳಿಯ ಮೇಲೆ ಹರಿಯಿತು. ಅಪ್ಪ ಮೋರಿಯ ಮೇಲಿದ್ದ. ಏಳಲಿಲ್ಲ. ಕಾರು ನಿಲ್ಲಿಸಿ, "ಅಪ್ಪ, ನಾನು" ಎಂದ ಮೇಲೆ ಬೀಡಿ ಬಿಸಾಕಿ ಬಂದ. "ಮೆಳ್ಳೆಗಣ್ಣಿ ವಾಪಸ್ ಬಂದ್ಲಾ?" ಎಂದು ನಕ್ಕ. ನನಗೆ ಉಸಿರು ಬಂತು.

ಇಬ್ಬರೂ ಸೇರಿ ಮೂಟೆಯನ್ನು ಡಿಕ್ಕಿಗೆ ಎತ್ತುತ್ತಿದ್ದೆವು. ತಿರುವಿನಲ್ಲಿ ಬೆಳಕು ಹೊಳೆಯಿತು. ಬಿಳಿ, ಜೋಡಿ, ಜೋರು. ಅಪ್ಪನ ಕೈ ಮೂಟೆಯಿಂದ ಸಡಿಲವಾಯಿತು. ಅವನ ಮುಖ ಆ ಕಡೆ ತಿರುಗಿತು. ಒಂದು ಹೆಜ್ಜೆ ಇಟ್ಟ. ಬಲಗೈ ತಾನಾಗಿಯೇ ಮೇಲೇಳತೊಡಗಿತು.

ಮೂಟೆ ಬಿಟ್ಟು ಅವನ ರಟ್ಟೆ ಹಿಡಿದೆ. ಕಾರು ಹುರುಳಿಯ ಮೇಲೆ ಪಟಪಟ ಸದ್ದು ಮಾಡುತ್ತ ನಮ್ಮ ಪಕ್ಕದಲ್ಲೇ ಹಾದು ಹೋಯಿತು. ಹೊಟ್ಟು ಹಾರಿ ಇಬ್ಬರ ಮುಖಕ್ಕೂ ಬಡಿಯಿತು.

"ನೀನ್ ಬಂದೆ ಅನ್ನಿಸ್ತು" ಎಂದ, ನನ್ನ ಪಕ್ಕದಲ್ಲಿಯೇ ನಿಂತು.

ಮೆದೆಯಲ್ಲಿ ಇನ್ನೂ ಒಕ್ಕಬೇಕಾದ ಅರ್ಧ ಹುರುಳಿ ಇತ್ತು. ನಾನು ಅವನ ರಟ್ಟೆ ಬಿಡಲಿಲ್ಲ. ತಿರುವಿನಲ್ಲಿ ಮತ್ತೆ ಬೆಳಕು ಕಾಣುತ್ತಿತ್ತು.